ನಾಲ್ಕು ಚುಕ್ಕೆ ಅಂದರೆ ‘ಎಚ್’: ನೂರ್ ಬಂದುಹೋದ ಡಾಕ್ಟರ್ ಹೂ ಕಂತು

ಮೊಮ್ಮಗ ಮೊದಲ ಸಲ ‘ಡಾಕ್ಟರ್ ಹೂ’ ಅಂದಾಗ ನಾನು ಕೇಳಿದ್ದು, “ಯಾವ ಹೂವಿನ ಡಾಕ್ಟರೋ?” ಅಂತ. ಅವನು ನಗಲಿಲ್ಲ. ಇಂಗ್ಲೆಂಡಿನಲ್ಲಿ ಬೆಳೆದ ಹುಡುಗ. ಕನ್ನಡ ಬರುತ್ತದೆ, ಕನ್ನಡದ ತಮಾಷೆ ಮಾತ್ರ ನಿಧಾನಕ್ಕೆ ಇಳಿಯುತ್ತದೆ. ರಾತ್ರಿ ಊಟಕ್ಕೆ ಕೂತಾಗ ತುತ್ತು ಬಾಯಲ್ಲಿಟ್ಟುಕೊಂಡೇ ಫಕ್ಕನೆ ನಕ್ಕ.

ಅದು 2020ರ ಜನವರಿ. ರೆಡಿಂಗ್‌ನಲ್ಲಿ ಮಗಳ ಮನೆ. ಹೊರಗೆ ಮೂಳೆ ಕೊರೆಯುವ ಚಳಿ, ಸಂಜೆ ನಾಲ್ಕಕ್ಕೇ ಕತ್ತಲೆ. ‘ಸ್ಪೈಫಾಲ್’ ಅನ್ನುವ ಎರಡು ಕಂತಿನ ಕಥೆಯ ಮೊದಲ ಭಾಗ ಹೊಸ ವರ್ಷದ ದಿನ ಬಂದಿತ್ತು. ಗೂಢಚಾರರು, ಬೈಕು, ವಿಮಾನ, ಸೂಟು ಬೂಟು. ಅರ್ಧ ಕಣ್ಣಲ್ಲಿ ನೋಡಿದೆ, ಉಳಿದರ್ಧಕ್ಕೆ ತೂಕಡಿಸಿದೆ. ಎರಡನೆಯ ಭಾಗ 5ನೇ ತಾರೀಖು ಭಾನುವಾರ ಸಂಜೆ. ನಾನು ಸೋಫಾದ ಮೂಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ತೆರೆಯ ಮೇಲೆ 1943ರ ಪ್ಯಾರಿಸ್, ಬಾಂಬ್ ಸದ್ದು. ಒಬ್ಬ ಹುಡುಗಿ ಡಾಕ್ಟರನ್ನೂ ಜೊತೆಯಲ್ಲಿದ್ದವಳನ್ನೂ ನೆಲದ ಹಲಗೆಯ ಕೆಳಗೆ ಬಚ್ಚಿಡುತ್ತಾಳೆ. ಆಮೇಲೆ ಹೆಸರು ಕಿವಿಗೆ ಬಿತ್ತು: ನೂರ್ ಇನಾಯತ್ ಖಾನ್.

ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟೆ.

ನಾನು ಶ್ರೀರಂಗಪಟ್ಟಣದ ಗಂಜಾಂನವಳು. ಟಿಪ್ಪುವಿನ ಗುಂಬಜ್ ಸುತ್ತಮುತ್ತಲೇ ಆಡಿ ಬೆಳೆದವಳು. 1976ರಲ್ಲಿ ಕೆಲಸಕ್ಕೆ ಸೇರಿ, ಮೊದಲ ಹದಿನೈದು ವರ್ಷ ಮೋರ್ಸ್ ಕೀ ಒತ್ತಿ, ಅಂದರೆ ಅಕ್ಷರಗಳನ್ನು ಚುಕ್ಕೆ ಗೆರೆಗಳಾಗಿ ಕುಟ್ಟಿ, ಟೆಲಿಗ್ರಾಂ ಕಳಿಸಿದ ಪೋಸ್ಟಲ್ ಸಿಗ್ನಲರ್. ಹೀಗಾಗಿ ನೂರ್ ನನಗೆ ಎರಡು ಕಡೆಯಿಂದ ನೆಂಟಳು. ಒಂದು, ಊರಿನ ಕಡೆಯಿಂದ. ಅವಳ ತಂದೆ ಸೂಫಿ ಗುರು ಇನಾಯತ್ ಖಾನ್. ಅವರ ತಾಯಿಯ ತಂದೆ ಮೌಲಾಬಕ್ಷ್ ಅನ್ನುವ ದೊಡ್ಡ ಸಂಗೀತಗಾರ. ಮೌಲಾಬಕ್ಷ್ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಬಂದು ನಮ್ಮ ಸಂಗೀತ ಕಲಿತವರು. ಅವರು ಮದುವೆಯಾದ ಕಾಸಿಂಬಿ ಟಿಪ್ಪುವಿನ ಮೊಮ್ಮಗಳು ಎನ್ನುತ್ತದೆ ಆ ಮನೆತನದ ಕಥೆ. ಎರಡನೆಯದು ಕಸುಬಿನ ಕಡೆಯಿಂದ. ಜರ್ಮನರ ಕೈಯಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳು. ಅವಳೂ ಕೀ ಒತ್ತಿದವಳು, ನಾನೂ ಒತ್ತಿದವಳು. ಅವಳು ಒತ್ತಿದ್ದಕ್ಕೆ ತಲೆಗೆ ಗುಂಡು ಬಿತ್ತು, ನಾನು ಒತ್ತಿದ್ದಕ್ಕೆ ಪಿಂಚಣಿ ಬರುತ್ತಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ‘ಅಜ್ಜಿ ಪಕ್ಷಪಾತ ಮಾಡಿದಳು’ ಅನ್ನಬೇಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಡಾಕ್ಟರ್ ಹೂ 1963ರಿಂದ ಬಿಬಿಸಿಯಲ್ಲಿ ಬರುತ್ತಿರುವ ಧಾರಾವಾಹಿ, ನಡುವೆ ಕೆಲವು ವರ್ಷ ನಿಂತಿತ್ತು. ಡಾಕ್ಟರ್ ಅನ್ನುವವರು ಬೇರೆ ಗ್ರಹದವರು, ಎರಡು ಹೃದಯ ಇರುವವರು. ಹಳೇ ಕಾಲದ ನೀಲಿ ಪೊಲೀಸ್ ಪೆಟ್ಟಿಗೆಯಂತೆ ಕಾಣುವ ಯಂತ್ರದಲ್ಲಿ ಕಾಲದೊಳಗೆ ಹಿಂದೆ ಮುಂದೆ ಓಡಾಡುತ್ತಾರೆ. ಸಾಯುವ ಹೊತ್ತಿಗೆ ಹೊಸ ದೇಹ ತಳೆಯುತ್ತಾರೆ, ಅಂದರೆ ನಟ ಬದಲಾಗುತ್ತಾನೆ. ಈ ಕಂತಿನ ಹೊತ್ತಿಗೆ ಜೋಡಿ ವಿಟ್ಟೇಕರ್, ಆ ಪಾತ್ರ ಮಾಡಿದ ಮೊದಲ ಹೆಣ್ಣು. ಚರಿತ್ರೆಯ ವ್ಯಕ್ತಿಗಳನ್ನು ಕರೆತರುವುದು ಇವರಿಗೆ ಹೊಸದೇನಲ್ಲ. ಶುರುವಿನಲ್ಲಿ ಮಕ್ಕಳಿಗೆ ಇತಿಹಾಸ ಕಲಿಸುವ ಉದ್ದೇಶವೂ ಇತ್ತು. 1964ರಲ್ಲೇ ಮಾರ್ಕೊ ಪೋಲೊ ಬಂದುಹೋಗಿದ್ದ.

ಕ್ರಿಸ್ ಚಿಬ್ನಾಲ್ ಬರೆದ ಈ ಕಂತಿನಲ್ಲಿ ಒಬ್ಬರಲ್ಲ, ಮೂವರು ಇದ್ದಾರೆ. ಕವಿ ಬೈರನ್ನನ ಮಗಳು ಏಡಾ ಲವ್‌ಲೇಸ್, ಲೆಕ್ಕದ ಯಂತ್ರದ ಚಾರ್ಲ್ಸ್ ಬ್ಯಾಬೇಜ್, ಆಮೇಲೆ ನೂರ್. ಒಂದು ಗಂಟೆಯ ಕಂತು. ಅದರಲ್ಲೇ 1834ರ ಲಂಡನ್, 1943ರ ಪ್ಯಾರಿಸ್, 2020ರ ಮೊಬೈಲ್ ಫೋನಿನ ಪಿತೂರಿ, ಬೆಳಕಿನಿಂದಾದ ಪರಗ್ರಹದ ಜೀವಿಗಳು, ಜೊತೆಗೆ ಡಾಕ್ಟರ್‌ನ ಹುಟ್ಟುವೈರಿ ಮಾಸ್ಟರ್. ಮದುವೆ ಮನೆಯಲ್ಲಿ ಎಲೆ ತುಂಬಾ ಬಡಿಸಿ, ತಿನ್ನುವುದರೊಳಗೆ ಎಲೆ ಎತ್ತಿದ ಹಾಗೆ. ಏಡಾ ಬಗ್ಗೆ, ಬ್ಯಾಬೇಜ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಎಂಜಿನಿಯರ್ ಆಗಿರುವ ಅಳಿಯಂದಿರಿಗೆ ಅದು ಬಹಳ ಹಿಡಿಸಿತು. “ಅತ್ತೆ, ಕಂಪ್ಯೂಟರ್‌ನ ಅಜ್ಜಿ ಇವರೇ” ಅಂತ ಮಧ್ಯೆ ಮಧ್ಯೆ ಹೇಳುತ್ತಿದ್ದರು. ಇರಲಿ.

ನೂರ್ ಪಾತ್ರ ಮಾಡಿರುವುದು ಅರೋರಾ ಮೇರಿಯನ್. ಒಳ್ಳೆಯ ಮುಖ, ಅಳತೆ ಮೀರದ ನಟನೆ. ದೊಡ್ಡ ಕಣ್ಣಲ್ಲಿ ಭಯವೂ ಇದೆ, ಹಟವೂ ಇದೆ. ಆದರೆ ಅವಳಿಗೆ ಕೊಟ್ಟ ಕೆಲಸವೇನು? ಬಚ್ಚಿಡುವುದು, ದಾರಿ ತೋರಿಸುವುದು, ತನ್ನ ರೇಡಿಯೋ ಸೆಟ್ಟನ್ನು ಡಾಕ್ಟರ್ ಕೈಗೆ ಕೊಡುವುದು. ಡಾಕ್ಟರ್ ಆ ಸೆಟ್ಟಿನಲ್ಲಿ ನಾಲ್ಕು ಸಲ ಕುಟ್ಟುತ್ತಾಳೆ, ಮತ್ತೆ ನಾಲ್ಕು, ಮತ್ತೆ ನಾಲ್ಕು. ಎರಡು ಹೃದಯ ಇರುವವರ ಎದೆಬಡಿತವಂತೆ ಅದು. ಎಲ್ಲೋ ಇರುವ ಮಾಸ್ಟರ್‌ಗೆ ಅದು ತಲುಪುತ್ತದೆ, ಇಬ್ಬರೂ ಮನಸ್ಸಿನಲ್ಲೇ ಮಾತಾಡುತ್ತಾರೆ. ಮೊಮ್ಮಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ನಾನು ಮಾತ್ರ ಅಭ್ಯಾಸಬಲದಿಂದ ಓದಿಬಿಟ್ಟೆ: ನಾಲ್ಕು ಚುಕ್ಕೆ ಅಂದರೆ ‘ಎಚ್’. ಎಚ್, ಎಚ್, ಎಚ್. “ಏನೋ ಇದು, ಬರೀ ಎಚ್ ಕಳಿಸ್ತಿದ್ದಾಳೆ?” ಅಂದೆ. “ಅಜ್ಜಿ, ಸುಮ್ನಿರಿ!”

ಸುಮ್ಮನಾದೆ. ಹೊಟ್ಟೆಯುರಿ ಮಾತ್ರ ಸುಮ್ಮನಾಗಲಿಲ್ಲ. ಕೋಣೆಯಲ್ಲಿ ಕೀ ಗೊತ್ತಿದ್ದವಳು ಒಬ್ಬಳೇ, ನೂರ್. ಕಥೆಯನ್ನು ತಿರುಗಿಸುವ ಆ ಗಳಿಗೆಯಲ್ಲಿ ಅವಳು ಪಕ್ಕದಲ್ಲಿ ನಿಂತು ನೋಡುತ್ತಾಳೆ.

ಕೀ ಅಂದರೆ ಏನು ಅಂತ ಈ ಕಾಲದವರಿಗೆ ಹೇಗೆ ಹೇಳಲಿ. ನಮ್ಮ ಕಚೇರಿಯಲ್ಲಿ ಇದ್ದದ್ದು ಸೌಂಡರ್. ರೇಡಿಯೋದ ಹಾಗೆ ಕುಂಯ್ ಕುಂಯ್ ಅಲ್ಲ, ಕಟ ಕಟ ಅನ್ನುವ ಹಿತ್ತಾಳೆ ಸದ್ದು. ಎರಡು ಕಟದ ನಡುವಿನ ಬಿಡುವಿನಲ್ಲಿ ಚುಕ್ಕೆಯೋ ಗೆರೆಯೋ ಅಂತ ಕಿವಿ ತಿಳಿದುಕೊಳ್ಳಬೇಕು. ಮದುವೆಗೆ ಶುಭಾಶಯದ ಸಿದ್ಧ ವಾಕ್ಯ, 8ನೇ ನಂಬರು, ಕಳಿಸುವಾಗ ಕೈಗೆ ಅವಸರವಿಲ್ಲ. ಸಾವಿನ ಸುದ್ದಿಯಾದರೆ ಬೆರಳೇ ಭಾರ. ಆರು ತಿಂಗಳು ಕಳೆದ ಮೇಲೆ ಆ ಕಡೆ ಕೂತವರು ಯಾರು ಅಂತ ಹೆಸರು ಹೇಳದೆಯೇ ಗೊತ್ತಾಗುತ್ತದೆ. ಪಾಂಡವಪುರದಲ್ಲಿ ಒಬ್ಬರಿದ್ದರು. ಗೆರೆಯನ್ನು ಕೊಂಚ ಎಳೆಯುವವರು, ರಾಗ ಹಾಡುವವರ ಹಾಗೆ. ಏಳು ವರ್ಷ ಅವರ ಜೊತೆ ದಿನಾ ಮಾತಾಡಿದ್ದೇನೆ, ಮುಖ ಒಂದು ದಿನವೂ ನೋಡಿಲ್ಲ. ಒಂದು ಬೆಳಿಗ್ಗೆ ಕಟ ಕಟ ಶುರುವಾದ ಅರ್ಧ ನಿಮಿಷಕ್ಕೆ ಪಕ್ಕದವಳಿಗೆ ಹೇಳಿದೆ, “ಇವತ್ತು ಅವರಿಲ್ಲ ಕಣೇ, ಬೇರೆ ಯಾರೋ ಕೂತಿದ್ದಾರೆ” ಅಂತ. ನಿಜವೇ. ಅವರಿಗೆ ಟೈಫಾಯ್ಡ್ ಆಗಿತ್ತು. ಸಹಿ ಕಾಗದದ ಮೇಲೆ ಇರುವುದಕ್ಕಿಂತ ಕೈಯ ಓಟದಲ್ಲಿ ಹೆಚ್ಚು ಇರುತ್ತದೆ.

ನೂರ್‌ಗೂ ಅಂಥದೊಂದು ಕೈಯಿತ್ತು. ತರಬೇತಿಯಲ್ಲಿ ಕೀಯನ್ನು ಗುದ್ದುವ ಹಾಗೆ ಒತ್ತುತ್ತಿದ್ದಳು, ಚಳಿಗೆ ಬೆರಳು ಊದಿಕೊಂಡಿರುತ್ತಿದ್ದವು, ಅದಕ್ಕೆ ಜೊತೆಯವರು ಅಡ್ಡಹೆಸರು ಇಟ್ಟಿದ್ದರು ಅಂತ ಬರೆದವರಿದ್ದಾರೆ. ವೀಣೆ ನುಡಿಸುತ್ತಿದ್ದ ಬೆರಳು ಅದು. ವೀಣೆಯ ಮುಂದೆ ಕೂತ ಅವಳ ಫೋಟೋ ನೋಡಿದರೆ ಮೈಸೂರಿನ ಯಾವುದೋ ಅಗ್ರಹಾರದ ಮನೆಯ ಹುಡುಗಿ ಅನ್ನಬೇಕು. ಹುಟ್ಟಿದ್ದು ಮಾಸ್ಕೋದಲ್ಲಿ, 1914ರ ಜನವರಿ 1. ತಾಯಿ ಅಮೆರಿಕದವರು, ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೆನ್‌ನಲ್ಲಿ. ಮಕ್ಕಳಿಗೆಂದು ಜಾತಕ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದವಳು. ಸುಳ್ಳು ಹೇಳಲು ಬರುವುದಿಲ್ಲ ಅಂತ ತರಬೇತಿ ಕೊಟ್ಟವರಿಗೆ ಅವಳ ಮೇಲೆ ಅನುಮಾನ. ಅಂಥವಳನ್ನು 1943ರ ಜೂನ್ 16ರ ರಾತ್ರಿ ಪುಟ್ಟ ಲೈಸಾಂಡರ್ ವಿಮಾನದಲ್ಲಿ ಫ್ರಾನ್ಸಿನ ಹೊಲದಲ್ಲಿ ಇಳಿಸಿದರು. ಗುಪ್ತನಾಮ ಮ್ಯಾಡ್ಲೀನ್.

ಇಲ್ಲಿಂದ ಮುಂದಿನದು ನೋಡಿ. ಅವಳು ಸೇರಿದ ಗೂಢಚಾರರ ಜಾಲ ಕೆಲವೇ ದಿನಗಳಲ್ಲಿ ಜರ್ಮನರ ಕೈಗೆ ಸಿಕ್ಕಿ ಚೂರಾಯಿತು. ವಾಪಸ್ ಬಾ ಅಂತ ಲಂಡನ್ ಹೇಳಿದರೂ ಬರಲಿಲ್ಲ. ಆಪರೇಟರ್ ಒಬ್ಬರು ಆರು ವಾರ ಉಳಿದರೆ ಹೆಚ್ಚು ಅನ್ನುತ್ತಿದ್ದ ಕಾಲದಲ್ಲಿ ಸುಮಾರು ನಾಲ್ಕು ತಿಂಗಳು ಉಳಿದಳು. ಸೂಟ್‌ಕೇಸಿನಲ್ಲಿ ಹದಿನಾಲ್ಕು ಹದಿನೈದು ಕಿಲೋದ ಸೆಟ್ಟು. ಒಂದೇ ಕಡೆಯಿಂದ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒತ್ತಿದರೆ ಜರ್ಮನರ ಪತ್ತೆ ವ್ಯಾನು ಬೀದಿಗೇ ಬರುತ್ತದೆ. ಮೆಟ್ರೋದಲ್ಲಿ ಜರ್ಮನ್ ಸಿಪಾಯಿಗಳು ಪೆಟ್ಟಿಗೆಯಲ್ಲಿ ಏನಿದೆ ಅಂತ ಕೇಳಿದಾಗ ಸಿನಿಮಾ ತೋರಿಸುವ ಯಂತ್ರ ಅಂದಳಂತೆ. ಏರಿಯಲ್ ತಂತಿಯನ್ನು ಮರಕ್ಕೆ ಕಟ್ಟಲು ಒದ್ದಾಡುತ್ತಿದ್ದಾಗ ಜರ್ಮನ್ ಅಧಿಕಾರಿಯೊಬ್ಬ ಬಟ್ಟೆ ಒಣಗಿಸುವ ಹಗ್ಗವಿರಬೇಕು ಅಂದುಕೊಂಡು ತಾನೇ ಕಟ್ಟಿಕೊಟ್ಟ ಅಂತಲೂ ಕಥೆಯಿದೆ. ಸುಳ್ಳು ಹೇಳಲು ಬಾರದವಳು! ಇಂಥ ದೃಶ್ಯಗಳು ಬಿಟ್ಟಿ ಸಿಗುತ್ತಿದ್ದವು, ಒಬ್ಬ ರಾಕ್ಷಸನ ಖರ್ಚೂ ಇಲ್ಲದೆ. ಒಂದನ್ನೂ ಮುಟ್ಟಿಲ್ಲ ಕಂತು ಬರೆದ ಪುಣ್ಯಾತ್ಮ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಕಂತಿನಲ್ಲಿ ಮಾಸ್ಟರ್ ಜರ್ಮನ್ ಅಧಿಕಾರಿಯ ವೇಷದಲ್ಲಿದ್ದಾನೆ. ಅವನನ್ನು ಸಿಕ್ಕಿಹಾಕಿಸಲು ಡಾಕ್ಟರ್ ಒಂದು ಸುಳ್ಳು ಸಂದೇಶ ಹೋಗುವಂತೆ ಮಾಡುತ್ತಾಳೆ, ಇವನು ಬ್ರಿಟಿಷರ ಮನುಷ್ಯ ಅಂತ. ಜರ್ಮನರು ಕದ್ದು ಕೇಳಲಿ ಎಂದೇ ಕಳಿಸಿದ್ದು, ಕೇಳುತ್ತಾರೆ, ನಂಬುತ್ತಾರೆ. ಮನೆಯಲ್ಲಿ ಎಲ್ಲರೂ ಚಪ್ಪಾಳೆ. ನಿಜ ಜೀವನದಲ್ಲಿ ಆದದ್ದು ಇದರ ತಿರುಗು ಮುರುಗು. ಅಕ್ಟೋಬರ್‌ನಲ್ಲಿ ಯಾರೋ ಹಿಡಿದುಕೊಟ್ಟು ನೂರ್ ಸಿಕ್ಕಿಬಿದ್ದಾಗ ಅವಳ ಸೆಟ್ಟು, ಸಂಕೇತಗಳು, ಹಳೆಯ ಸಂದೇಶಗಳನ್ನೆಲ್ಲ ಬರೆದಿಟ್ಟ ಪುಸ್ತಕ ಎಲ್ಲವೂ ಜರ್ಮನರಿಗೆ ಸಿಕ್ಕವು. ಅವಳು ಬಾಯಿ ಬಿಡಲಿಲ್ಲ. ಅವರೇ ಅವಳ ಹಾಗೆ ನಟಿಸಿ ಲಂಡನ್ನಿಗೆ ಸಂದೇಶ ಕಳಿಸಿದರು. ಲಂಡನ್ ನಂಬಿತು. ಹೊಸ ಏಜೆಂಟರನ್ನು ಕಳಿಸಿತು. ಇಳಿದವರು ನೇರವಾಗಿ ಜರ್ಮನರ ಕೈಗೇ ಇಳಿದರು.

ಪಾಂಡವಪುರದವರಿಗೆ ಜ್ವರ ಬಂದದ್ದು ನನಗೆ ಅರ್ಧ ನಿಮಿಷದಲ್ಲಿ ಗೊತ್ತಾಯಿತು. ಒಬ್ಬ ಹುಡುಗಿಯ ಜೀವ ಆ ಕೈಯ ಮೇಲೆ ನಿಂತಿರುವಾಗ, ಅದು ಅವಳ ಕೈಯಲ್ಲ ಅನ್ನುವುದನ್ನು ಅಷ್ಟು ದೊಡ್ಡ ಯುದ್ಧದ ಕಚೇರಿ ಹೇಗೆ ಕೇಳಿಸಿಕೊಳ್ಳದೆ ಹೋಯಿತು? ಕಾಲದಲ್ಲಿ ಓಡಾಡುವ ಯಂತ್ರ ಇಟ್ಟುಕೊಂಡು ಕಥೆ ಬರೆಯುವವರಿಗೆ ಇದಕ್ಕಿಂತ ಎದೆ ನಡುಗಿಸುವ ವಸ್ತು ಬೇಕೇ? ಕೀ ಮಾತಾಡುತ್ತಿದೆ, ಕೂತವರು ಬೇರೆ.

ಮನೆಯಲ್ಲಿ ಜಗಳವಾದದ್ದು ಮಾತ್ರ ಬೇರೆ ದೃಶ್ಯಕ್ಕೆ. ಮಾಸ್ಟರ್ ಪಾತ್ರ ಮಾಡಿರುವುದು ಭಾರತೀಯ ಮೂಲದ ನಟ ಸಚಾ ಧವನ್. ಎಂಥ ನಟ! ಕಣ್ಣಲ್ಲೇ ಹುಚ್ಚು ಕುಣಿಸುತ್ತಾನೆ. ಐಫೆಲ್ ಗೋಪುರದ ಮೇಲೆ ಅವನೂ ಡಾಕ್ಟರೂ ಎದುರುಬದುರು ನಿಲ್ಲುವುದು ಈ ಕಂತಿನ ಅತ್ಯುತ್ತಮ ಭಾಗ, ಅದನ್ನು ಒಪ್ಪಲೇಬೇಕು. ಕಂದು ಬಣ್ಣದವನು ನಾಜಿಗಳ ನಡುವೆ ಹೇಗೆ ಓಡಾಡುತ್ತಾನೆ ಅಂದರೆ, ನೋಡುವವರ ಕಣ್ಣಿಗೆ ಬೇರೆಯಾಗಿ ಕಾಣಿಸುವ ಒಂದು ಮಾಯೆಯ ಯಂತ್ರ ಅವನ ಹತ್ತಿರ ಇದೆ. ಕೊನೆಗೆ ಡಾಕ್ಟರ್ ಅದನ್ನು ಕೆಡಿಸುತ್ತಾಳೆ. ಬರುತ್ತಿರುವ ಸಿಪಾಯಿಗಳಿಗೆ ಅವನ ನಿಜವಾದ ಬಣ್ಣ ಕಾಣಲಿ ಅಂತ.

ಮೊಮ್ಮಗ ಸೋಫಾದ ಮೇಲೆ ಎದ್ದು ನಿಂತು ಕೇಕೆ ಹಾಕಿದ. ಮಗಳು ರಿಮೋಟ್ ತಗೊಂಡು ನಿಲ್ಲಿಸಿಬಿಟ್ಟಳು. “ಇದರಲ್ಲಿ ಖುಷಿಪಡೋದೇನಿದೆಯೋ? ಅವನ ಬಣ್ಣ ನೋಡಿ ಸಾಯಿಸಲಿ ಅಂತ ಒಳ್ಳೆಯವಳು ಅನ್ನಿಸಿಕೊಂಡವಳೇ ಬಿಟ್ಟುಕೊಟ್ಟಳಲ್ಲ!” ಅಂದಳು. ಅಳಿಯಂದಿರು, “ಅವನು ಎಷ್ಟು ಗ್ರಹ ಸುಟ್ಟಿದ್ದಾನೆ ಗೊತ್ತಾ” ಅಂತ ವಾದಕ್ಕಿಳಿದರು. ಹತ್ತು ನಿಮಿಷ ನಡೆಯಿತು. ಸಾರು ಉಕ್ಕಿತು. ಮಗಳೊಬ್ಬಳದೇ ಅಲ್ಲ ಈ ಮಾತು, ಆ ವಾರ ಅಲ್ಲಿನ ಪ್ರೇಕ್ಷಕರು, ವಿಮರ್ಶಕರು ಬಹಳ ಮಂದಿ ಇದೇ ದೃಶ್ಯಕ್ಕೆ ಮುಖ ಸಿಂಡರಿಸಿದ್ದರು. ನಾನು ಮಗಳ ಪಕ್ಷ. ಆದರೆ ನನ್ನ ತಕರಾರು ಇನ್ನೊಂದು ಮಾರು ಮುಂದಕ್ಕೆ ಹೋಗುತ್ತದೆ. ಅದೇ ಪ್ಯಾರಿಸ್‌ನಲ್ಲಿ, ಅದೇ ಕಥೆಯಲ್ಲಿ, ಯಾವ ಮಾಯಾಯಂತ್ರವೂ ಇಲ್ಲದೆ ಅಂಥದೇ ಬಣ್ಣದ ಹುಡುಗಿಯೊಬ್ಬಳು ದಿನಾ ನಾಜಿಗಳ ಮುಂದೆಯೇ ಸೈಕಲ್ ತುಳಿದುಕೊಂಡು ಓಡಾಡುತ್ತಿದ್ದಳು. ಗುರುತು ಸಿಗದಿರಲೆಂದು ಕೂದಲಿಗೆ ಬಣ್ಣ ಹಾಕಿಕೊಳ್ಳುತ್ತಿದ್ದಳು. ಅವಳು ಹೇಗೆ ತಪ್ಪಿಸಿಕೊಳ್ಳುತ್ತಿದ್ದಳು ಅಂತ ಯಾರೂ ಕೇಳುವುದೇ ಇಲ್ಲ.

ಟಿಪ್ಪುವಿನ ಹೆಸರು ಬರುತ್ತದೇನೋ ಅಂತ ಕಾದೆ. ನನ್ನ ಕಿವಿಗೆ ಬೀಳಲಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು ಬಿಡಿ, ನಮ್ಮ ಕಡೆ ಆ ಹೆಸರು ಎತ್ತಿದರೆ ಉಳಿದ ಮಾತೆಲ್ಲ ಅಲ್ಲೇ ನಿಂತುಬಿಡುತ್ತದೆ.

ಒಂದು ಗಳಿಗೆ ಮಾತ್ರ ಚೆನ್ನಾಗಿದೆ. ವಾಪಸ್ ಪ್ಯಾರಿಸ್‌ಗೆ ಬಿಡುವಾಗ ನೂರ್ ಕೇಳುತ್ತಾಳೆ, ಫ್ಯಾಸಿಸ್ಟರು ಗೆಲ್ಲುತ್ತಾರಾ ಅಂತ. ಯಾವತ್ತೂ ಇಲ್ಲ, ನಿನ್ನಂಥವರು ಇರುವವರೆಗೆ ಇಲ್ಲ ಅನ್ನುವ ಅರ್ಥದ ಉತ್ತರ. ‘ನನಗೇನಾಗುತ್ತದೆ’ ಅಂತ ಅವಳು ಕೇಳಲಿಲ್ಲ, ಡಾಕ್ಟರ್ ಹೇಳಲೂ ಇಲ್ಲ. ಆ ಹೇಳದಿರುವುದರಲ್ಲಿ ಪಾಪ ಇದೆ, ಕರುಣೆಯೂ ಇದೆ. ನಿಜದ ನೂರ್ ಸೆರೆಯಿಂದ ಎರಡು ಸಲ ತಪ್ಪಿಸಿಕೊಳ್ಳಲು ನೋಡಿ ಸಿಕ್ಕಿಬಿದ್ದಳು. ಮತ್ತೆ ಓಡಿಹೋಗುವುದಿಲ್ಲ ಅಂತ ಬರೆದುಕೊಡು ಅಂದಾಗ ಬರೆದುಕೊಡಲಿಲ್ಲ. ಫೋರ್ಟ್ಸ್‌ಹೈಮ್ ಜೈಲಿನಲ್ಲಿ ಹತ್ತು ತಿಂಗಳು ಕೈಕಾಲಿಗೆ ಸಂಕೋಲೆ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಅನ್ನುವ ನಾಜಿ ಸೆರೆಶಿಬಿರದಲ್ಲಿ ಇನ್ನೂ ಮೂವರು ಹೆಂಗಸರ ಜೊತೆ ಕೊಂದರು. ಮೂವತ್ತು ವರ್ಷ ವಯಸ್ಸು.

ಆ ಒಳ್ಳೆಯ ಗಳಿಗೆಯನ್ನೂ ಕೆಡಿಸಿದರು. ಹಣೆ ಮುಟ್ಟಿ ನೂರ್‌ಳ ನೆನಪನ್ನು ಡಾಕ್ಟರ್ ಅಳಿಸಿಹಾಕುತ್ತಾಳೆ. ಬೇಡ ಬೇಡ ಅಂದರೂ ಏಡಾಗೂ ಅದೇ ಗತಿ. ಮೊಮ್ಮಗನ ಮುಖ ಸಣ್ಣದಾಯಿತು. “ಅಜ್ಜಿ, ನಾವು ಗೆಲ್ತೀವಿ ಅನ್ನೋದಾದ್ರೂ ಅವಳಿಗೆ ನೆನಪಿರಬಾರದಿತ್ತಾ? ಜೈಲಲ್ಲಿ ಇರೋವಾಗ?” ಅಂದ. ಎಂಟು ವರ್ಷದ ಹುಡುಗ. ಆ ಒಂದು ಮಾತಿನ ಮುಂದೆ ಈ ವಿಮರ್ಶೆಯೆಲ್ಲ ದಂಡ.

ಮುಂದಿನ ಶನಿವಾರ ಅವನನ್ನು ಕರೆದುಕೊಂಡು ರೈಲಿನಲ್ಲಿ ಲಂಡನ್ನಿಗೆ ಹೋದೆ. ಗಾರ್ಡನ್ ಸ್ಕ್ವೇರ್ ಅನ್ನುವ ಸಣ್ಣ ಪಾರ್ಕಿನಲ್ಲಿ ಅವಳ ಎದೆಮಟ್ಟದ ಪ್ರತಿಮೆ ಇದೆ, 2012ರ ನವೆಂಬರ್‌ನಲ್ಲಿ ರಾಜಕುಮಾರಿ ಆನ್ ಅನಾವರಣ ಮಾಡಿದ್ದು. ಪಕ್ಕದ ಟ್ಯಾವಿಟನ್ ಬೀದಿಯ 4ನೇ ನಂಬರಿನ ಮನೆಯಲ್ಲಿ ಅವಳ ಕುಟುಂಬ ಇತ್ತು. ಆ ಮನೆಗೆ ಅವಳ ನೆನಪಿನ ನೀಲಿ ಫಲಕ ಹಾಕಿದ್ದು 2020ರ ಆಗಸ್ಟ್‌ನಲ್ಲಿ, ಅಷ್ಟು ಹೊತ್ತಿಗೆ ಊರೆಲ್ಲ ಮಾಸ್ಕು ಹಾಕಿತ್ತು. ನಾವು ಹೋದಾಗ ಪ್ರತಿಮೆಯ ಭುಜದ ಮೇಲೆ ಮಂಜು ಕೂತಿತ್ತು. ಬೆಂಚಿನ ಮೇಲೆ ಕಾಲೇಜು ಹುಡುಗರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಮೊಮ್ಮಗ ಬರಹ ಓದಿ, “ಇವಳು ನಿಜವಾಗ್ಲೂ ಇದ್ದಳಾ?” ಅಂತ ಕೇಳಿದ. ಧಾರಾವಾಹಿಯವರಿಗೆ ಸಲ್ಲಬೇಕಾದ ಅಂಕ ಅಲ್ಲಿದೆ. ಅವರು ತೋರಿಸದಿದ್ದರೆ ಆ ಹುಡುಗ ಅಲ್ಲಿಗೆ ಬರುತ್ತಿರಲಿಲ್ಲ, ನಾನು ಕರೆದುಕೊಂಡು ಹೋಗುತ್ತಲೂ ಇರಲಿಲ್ಲ.

ಹಾಗಾಗಿ ಐದರಲ್ಲಿ ಎರಡೂವರೆ. ಒಂದೂವರೆ ಸಚಾ ಧವನ್‌ಗೆ, ಒಂದು ಅರೋರಾ ಮೇರಿಯನ್‌ಗೆ. ನೋಡುವವರು ಮೊದಲ ಭಾಗವನ್ನೂ ನೋಡಿ, ಇಲ್ಲವಾದರೆ ತಲೆಬುಡ ಗೊತ್ತಾಗುವುದಿಲ್ಲ. ನೋಡಿದ ಮೇಲೂ ಪೂರ್ತಿ ಗೊತ್ತಾಗುತ್ತದೆ ಅಂತ ಭರವಸೆ ಕೊಡಲಾರೆ. ಮಕ್ಕಳ ಜೊತೆ ನೋಡುವುದಾದರೆ ಆ ಬಣ್ಣದ ದೃಶ್ಯ ಬಂದಾಗ ಒಲೆ ಆರಿಸಿ ಕೂತುಕೊಳ್ಳಿ, ಮಾತು ಬೇಗ ಮುಗಿಯುವುದಿಲ್ಲ.

ಮೈಸೂರಿಗೆ ಬಂದ ಮೇಲೆ ಇನ್ನೊಂದು ಸಲ ನೋಡಿದೆ, ಕೆಲಸದ ದಿನಗಳಲ್ಲಿ ಪಕ್ಕದಲ್ಲಿ ಕೂತು ಕೀ ಒತ್ತುತ್ತಿದ್ದ ಗೆಳತಿಯ ಜೊತೆ. ಅವಳಿಗೀಗ ಒಂದು ಕಿವಿ ಮಂದ. ಪ್ಯಾರಿಸ್ ಬರುವವರೆಗೆ ಏನೂ ಹಿಡಿಸದೆ ಗೊಣಗುತ್ತಿದ್ದಳು. ಡಾಕ್ಟರ್ ನಾಲ್ಕು ನಾಲ್ಕು ಕುಟ್ಟಲು ಶುರು ಮಾಡಿದಾಗ ಗೆಳತಿಯ ಬೆರಳು ಸೀರೆಯ ನೆರಿಗೆಯ ಮೇಲೆ ತಾನಾಗಿ ಓಡಿತು. ಸ್ವಲ್ಪ ಹೊತ್ತು ಕೇಳಿ ನನ್ನ ಕಡೆ ತಿರುಗಿ ಅಂದಳು:

“ಎಚ್ ಆಯ್ತು. ಮುಂದಿನ ಅಕ್ಷರ ಕಳಿಸೋಕೆ ಹೇಳೇ ಅವಳಿಗೆ. ಲೈನ್ ಕಾಯ್ತಾ ಇದೆ.”